ಮೈದುನನ ಗಾಡಿಯ ಹಿಂದಿನ ಸೀಟು

ಇನ್ನೊಬ್ಬರ ಕೊರಳಿನ ಸರ ನೋಡಿ ನನಗೆ ಯಾವತ್ತೂ ಹೊಟ್ಟೆ ಉರಿದದ್ದಿಲ್ಲ. ಸೀರೆ ನೋಡಿ ಇಲ್ಲ, ಮನೆ ನೋಡಿ ಇಲ್ಲ, ಮಕ್ಕಳ ಮಾರ್ಕು ಕೇಳಿಯೂ ಇಲ್ಲ. ಆದರೆ ಒಂದು ಮೋಟಾರ್‌ಸೈಕಲಿನ ಹಿಂದಿನ ಸೀಟಿಗಾಗಿ ನಾನು ಉರಿದಷ್ಟು ನಮ್ಮ ಮಿಲ್ಲಿನ ಇಂಜಿನ್ ಕೂಡ ಉರಿದಿರಲಿಕ್ಕಿಲ್ಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರದ್ದೇನು ಹೋಗುತ್ತದೆ!

ನನ್ನ ತವರು ಕಡಬದ ಹತ್ತಿರ ಕೋಡಿಂಬಾಳ. ಮದುವೆಯಾಗಿ ಬಂದದ್ದು ಪುತ್ತೂರಿನ ಆಚೆ ಕೆದಂಬಾಡಿಗೆ, ತೆಂಗಿನೆಣ್ಣೆ ಮಿಲ್ಲಿನ ಮನೆಗೆ. ತವರಿಗೆ ಹೋಗುವುದೆಂದರೆ ಬಸ್ಸು, ಹೊಳೆ ದಾಟಲು ಗಾಡಿಗಳನ್ನೂ ಹೊರುವ ಜೋಡಿದೋಣಿ, ಮತ್ತೆ ಬಸ್ಸು, ಕಡಬದಲ್ಲಿ ಇಳಿದು ನಡಿಗೆ. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಮಾವ ಕೊಟ್ಟು ಕಳಿಸಿದ ಎಣ್ಣೆಯ ಬಾಟ್ಲಿ. ಬೆವರು ಒರೆಸಿಕೊಂಡು ಅಂಗಳಕ್ಕೆ ಕಾಲಿಟ್ಟರೆ ಒಳಗಿನಿಂದಲೇ ಅಮ್ಮ, "ಯಾರು, ನೀನಾ? ಕಾಲು ತೊಳ್ಕೊಂಡು ಬಾ" ಎನ್ನುತ್ತಿದ್ದಳು. ಅಷ್ಟೇ. ಚಿಕ್ಕಪ್ಪನ ಮಗಳು ಬಾಡಿಗೆ ಕಾರಿನಲ್ಲಿ ಬಂದು ಹಾರ್ನ್ ಹೊಡೆಸಿದಾಗ ಇದೇ ಅಮ್ಮ ಕೈಯಲ್ಲಿದ್ದ ಸೌಟಿನ ಸಮೇತ ಗೇಟಿನ ತನಕ ಓಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಶಬ್ದ ಬೇಕು ಮಾರಾಯ್ರೆ! ಶಬ್ದ ಮಾಡಿಕೊಂಡು ಬಂದವರಿಗೆ ಮಾತ್ರ ಜನ ಎದ್ದು ಹೊರಗೆ ಬರುತ್ತಾರೆ. ನನಗೂ ಒಂದು ಸಲ, ಒಂದೇ ಒಂದು ಸಲ, ಹಾಗೆ ಹೋಗಿ ಆ ಗೇಟಿನ ಎದುರು ಇಳಿಯಬೇಕಿತ್ತು. ಅಮ್ಮ ಓಡಿ ಬರಬೇಕಿತ್ತು.

ಈ ಆಸೆಗೆ ಗಾಳಿ ಹಾಕಿದವನು ನನ್ನ ಮೈದುನ, ಇವರ ಒಬ್ಬನೇ ತಮ್ಮ. ಮಿಲ್ಲಿನ ಇಂಜಿನ್ ನೋಡಿಕೊಳ್ಳುವುದು ಅವನ ಕೆಲಸ. ಊಟಕ್ಕೆ ಕರೆದರೆ ಕೇಳದ ಕಿವಿಗೆ ಇಂಜಿನಿನ ಉಸಿರು ಒಂಚೂರು ತಪ್ಪಿದರೂ ಕೇಳುತ್ತಿತ್ತು. ಅವನು ಮಂಗಳೂರಿನ ಗುಜರಿಯಿಂದ ಯುದ್ಧಕಾಲದ ಮಿಲಿಟರಿ ಮೋಟಾರ್‌ಸೈಕಲಿನ ಎಲುಬುಗೂಡೊಂದನ್ನು ಲಾರಿಯಲ್ಲಿ ತಂದು ಮಿಲ್ಲಿನ ಮಾಡಿನ ಕೆಳಗೆ ಇಳಿಸಿದ. ಇಂಜಿನ್ ಒಂದು ಗಾಡಿಯದು, ಟ್ಯಾಂಕ್ ಇನ್ನೊಂದರದು. ಮಡ್‌ಗಾರ್ಡನ್ನು ಎಣ್ಣೆ ಡಬ್ಬಿಯ ತಗಡು ಬಡಿದು ತಾನೇ ಮಾಡಿಕೊಂಡ. ಹ್ಯಾಂಡಲ್ ಬಾಗಿ ಹೋಗಿತ್ತು. ಅದನ್ನು ಬಿಸಾಡಿ ನೀರಿನ ಪೈಪನ್ನು ಕಾಯಿಸಿ ಬಗ್ಗಿಸಿ, ಕೋಣದ ಕೊಂಬಿನ ಹಾಗೆ ಅಗಲಕ್ಕೆ, ಎತ್ತರಕ್ಕೆ ಹೊಸತೊಂದನ್ನು ನಿಲ್ಲಿಸಿದ. "ಇದೆಂತ, ಉಳುವುದಕ್ಕಾ ಓಡಿಸುದಕ್ಕಾ?" ಎಂದು ಮಾವ ಕೇಳಿದರು. ಹಿಂದಿನ ಸೀಟಿಗೆ ತೆಂಗಿನ ನಾರು ತುಂಬಿ, ಗೋಣಿ ಸುತ್ತಿ, ಅದರ ಮೇಲೆ ರೆಕ್ಸಿನ್ ಹೊಲಿದವಳು ನಾನು. ದಬ್ಬಣ ಹೆಬ್ಬೆರಳಿಗೆ ಹೊಕ್ಕು ರಕ್ತ ಬಂದಿತ್ತು. ಆ ಸೀಟು ಯಾರದ್ದಾಗಬೇಕು, ನೀವೇ ಹೇಳಿ.

ಅವನೂ ಹಾಗೇ ಹೇಳಿದ್ದ. "ಗಾಡಿ ಸರಿಯಾದ ಮೇಲೆ ಮೊದಲ ಸವಾರಿ ಕೋಡಿಂಬಾಳಕ್ಕೇ ಅತ್ತಿಗೆ. ನಿಮ್ಮ ಗೇಟಿನ ಎದುರೇ ಇಳಿಸ್ತೇನೆ ನೋಡಿ." ಸಂಜೆಯ ಕಾಫಿಯ ಹೊತ್ತು. ಮಾವ ಇದ್ದರು, ಅತ್ತೆ ಇದ್ದರು, ಇವರೂ ಇದ್ದರು. ಯಾರೂ ಬೇಡ ಎನ್ನಲಿಲ್ಲ. ಅತ್ತಿಗೆ ಎಂದರೆ ತಾಯಿಯ ಲೆಕ್ಕ, ಅದರಲ್ಲಿ ಎಂತ ತಪ್ಪು?

ಎಲ್ಲ ಆಗಿ ಕೊನೆಗೆ ಉಳಿದದ್ದು ಆಕ್ಸಿಲರೇಟರ್ ಕೇಬಲ್. ಬಲಗೈಯ ಹಿಡಿಯನ್ನು ತಿರುಗಿಸಿದರೆ ಕೊಳವೆಯೊಳಗಿನ ತಂತಿ ಎಳೆದು, ಕಾರ್ಬೊರೇಟರಿನ ಒಳಗೆ ಪೆಟ್ರೋಲಿನ ಗಾಳಿಯನ್ನು ತಡೆದು ಕೂತ ಮುಚ್ಚಳ ಮೇಲೇಳಬೇಕು. ಬಿಟ್ಟರೆ ಸ್ಪ್ರಿಂಗ್ ಅದನ್ನು ಪುನಃ ಕೆಳಗೆ ಕೂರಿಸಬೇಕು. ಗಾಡಿಯ ಜೊತೆ ಬಂದ ಕೇಬಲ್ ಹಳೆಯ ಗಿಡ್ಡ ಹ್ಯಾಂಡಲಿನದ್ದು, ಇವನ ಕೊಂಬಿಗೆ ಅದು ಮುಟ್ಟಲೇ ಇಲ್ಲ. ಹಾಗಾಗಿ ಪುತ್ತೂರಿನ ಸಂತೆಯ ದಿನ ನಾನೂ ಅವನೂ ಹೋದೆವು. ನನಗೆ ಮೆಣಸು, ಬೆಲ್ಲ, ಅವನಿಗೆ ಕೇಬಲ್.

ಅಂಗಡಿ ಒಬ್ಬರು ಬ್ಯಾರಿ ಸಾಹೇಬರದ್ದು. ಸೈಕಲಿನ ಸಾಮಾನು ಮುಖ್ಯ, ಹಿಂದಿನ ಕೋಣೆಯಲ್ಲಿ ಲಾರಿ, ಜೀಪುಗಳ ಹಳೆ ಸಾಮಾನಿನ ರಾಶಿ. ಮೈದುನ ಮೊದಲು ಕೈ ಹಾಕಿದ್ದು ಸೈಕಲ್ ಬ್ರೇಕಿನ ತಂತಿಗೆ. "ಅದು ಬೇಡ ಮಾರಾಯ್ರೆ" ಎಂದರು ಅಂಗಡಿಯವರು, "ಇಂಜಿನಿನ ಸ್ಪ್ರಿಂಗಿಗೆ ಅದು ತಾಳುದಿಲ್ಲ, ಎಳೆದು ಎಳೆದು ಉದ್ದ ಆಗ್ತದೆ." ಒಳಗಿನಿಂದ ಬೇರೆ ಕೆಲವು ತಂದು ಹಲಗೆಯ ಮೇಲೆ ಹಾಕಿದರು. ಮೈದುನ ನನ್ನ ಕಡೆ ನೋಡಿದ. ಕೇಬಲಿನ ವಿಷಯ ನನಗೆ ಎಂತ ಗೊತ್ತು? ಆದರೆ ಬಾವಿ ಹಗ್ಗ ಗೊತ್ತಿತ್ತು. ಬಗ್ಗಿಸಿ ಬಿಟ್ಟಾಗ ಮಡಿಕೆ ಉಳಿಯುವ ಹಗ್ಗವನ್ನು ನಾನು ಮನೆಗೆ ತರುವುದಿಲ್ಲ. ಒಂದೊಂದನ್ನೇ ಬಗ್ಗಿಸಿದೆ, ಒಳಗಿನ ತಂತಿಯನ್ನು ಎಳೆದು ಬಿಟ್ಟೆ. ಒಂದು ಗೊರ ಗೊರ ಎಂದಿತು, ಇನ್ನೊಂದು ಬಗ್ಗಿದಲ್ಲೇ ಕೂತಿತು. ಮೂರನೆಯದ್ದು ನೆಟ್ಟಗೆ ಬಂದು ನಿಂತಿತು. "ಇದು" ಎಂದೆ. ಮೈದುನ ಅಂಗಡಿಯವರಿಗೆ, "ನೋಡಿ, ನಮ್ಮ ಅತ್ತಿಗೆ!" ಎಂದ. ಆ ದಿನ ನಾನು ಬೆಲ್ಲ ತರಲು ಮರೆತು ಬಂದೆ.

ಮನೆಗೆ ಬಂದು ಹುರಿಹಗ್ಗ ಹಿಡಿದು ಅಳತೆ ತೆಗೆದೆವು. ಹಿಡಿಯ ಕಡೆಯ ತುದಿ ನನ್ನ ಕೈಯಲ್ಲಿ, ಕಾರ್ಬೊರೇಟರಿನ ತುದಿ ಅವನ ಕೈಯಲ್ಲಿ. ಅಳತೆಗೆ ತುಂಡರಿಸಿ, ತಂತಿಯ ತುದಿಗೆ ಬೆಸುಗೆಯ ಗುಂಡು ಕೂರಿಸಿದ. ಎಣ್ಣೆ ಡಬ್ಬಿಗಳಿಗೆ ದಿನಾ ಬೆಸುಗೆ ಹಾಕುವವನಿಗೆ ಅದು ಎಷ್ಟರ ಕೆಲಸ! ಆಮೇಲೆ ಅವನು ನೆಲದಲ್ಲಿ ಅಂಗಾತ ಮಲಗಿ ಕಾರ್ಬೊರೇಟರಿನೊಳಗೆ ಕಣ್ಣಿಟ್ಟು, "ತಿರುಗಿಸಿ ಅತ್ತಿಗೆ" ಎನ್ನುವುದು. ನಾನು ಹಿಡಿ ತಿರುಗಿಸುವುದು. "ಬಿಡಿ" ಎನ್ನುವುದು. ನಾನು ಬಿಡುವುದು. ಒಳಗೆ ಟಕ್ ಎಂದು ಮುಚ್ಚಳ ಕೂತ ಶಬ್ದ ಕೇಳಿದರೆ ಇಬ್ಬರಿಗೂ ನಗು. ಒಲೆಯ ಮೇಲೆ ಅನ್ನ ತಳ ಹಿಡಿದು ಅತ್ತೆಯ ಕೈಯಲ್ಲಿ ಬೈಸಿಕೊಂಡೆ. ಆದರೂ ಅದು ನನ್ನ ಒಳ್ಳೆಯ ಕಾಲ.

ಅಷ್ಟರಲ್ಲಿ ಅವನಿಗೆ ಮದುವೆಯಾಯಿತು. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಯಿತು ಎನ್ನುತ್ತಾರಲ್ಲ, ಸುಳ್ಳಲ್ಲ. ಹುಡುಗಿ ಸುಳ್ಯದ ಕಡೆಯವಳು. ಅವಳ ಅಪ್ಪನಿಗೆ ಬಾಡಿಗೆಗೆ ಓಡುವ ಜೀಪು ಉಂಟು. ನೋಡಲು ಚೆಂದ, ಮಾತು ಮೆತ್ತಗೆ, ನನ್ನನ್ನು ಬಾಯಿ ತುಂಬಾ ಅಕ್ಕ ಎನ್ನುತ್ತಾಳೆ. ದೂರಲು ಒಂದು ಹುಳುಕು ಸಿಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮದುವೆಯ ಗಲಾಟೆ ಮುಗಿದ ಮೇಲೆ ಒಂದು ದಿನ ಮೈದುನ ಗಾಡಿಯನ್ನು ಅಂಗಳದಲ್ಲಿ ಸ್ಟಾರ್ಟ್ ಮಾಡಿದ. ಎಲ್ಲರೂ ಜಗಲಿಯಲ್ಲಿ ಸೇರಿದ್ದೆವು. ನೇರಕ್ಕೆ ಚೆನ್ನಾಗಿಯೇ ಹೋಯಿತು. ತುಳಸಿಕಟ್ಟೆಯ ಹತ್ತಿರ ಎಡಕ್ಕೆ ತಿರುಗಿಸಿದ್ದೇ ತಡ, ಇಂಜಿನ್ ತಾನಾಗಿ ಭೋರೆಂದು ಬೊಬ್ಬಿಟ್ಟು ಗಾಡಿ ಹಿಂಡಿಯ ಗೋಣಿಗಳ ಮೇಲೆ ಹೋಗಿ ನಿಂತಿತು. "ಹಿಡಿ ತಿರುಗಿಸಿದೆಯಾ?" ಎಂದು ಕೇಳಿದೆ. "ಇಲ್ಲ ಅತ್ತಿಗೆ, ಕೈ ಸಡಿಲ ಬಿಟ್ಟೇ ಇದ್ದೆ" ಎಂದ. ಇಬ್ಬರೂ ಕಾರ್ಬೊರೇಟರಿಗೆ ಬಗ್ಗಿದೆವು.

ಆಗ ಜಗಲಿಯಲ್ಲಿ ಅಕ್ಕಿ ಹೆಕ್ಕುತ್ತಿದ್ದ ಹೊಸ ಹುಡುಗಿ ತಲೆ ಎತ್ತದೆ, "ವಯರು ಗಿಡ್ಡ ಆಯ್ತೂಂತ ಕಾಣ್ತದೆ" ಎಂದಳು. "ಹ್ಯಾಂಡಲ್ ತಿರುಗುವಾಗ ಅದೇ ಎಳೀತದೆ. ಅಳತೆ ತೆಗೆಯುವಾಗ ಎರಡೂ ಬದಿಗೆ ತಿರುಗಿಸಿ ನೋಡ್ಲಿಲ್ವಾ?"

ನೋಡಿರಲಿಲ್ಲ. ಹ್ಯಾಂಡಲನ್ನು ಮೂಗಿನ ನೇರಕ್ಕೆ ನಿಲ್ಲಿಸಿ ಅಳೆದಿದ್ದೆವು. ಮೈದುನ ಅವಳ ಕಡೆ ತಿರುಗಿ ನೋಡಿದ. ಲಾರಿಯಿಂದ ಆ ಮಿಲಿಟರಿ ಇಂಜಿನ್ ಇಳಿಸಿದ ದಿನ ಅದನ್ನು ನೋಡಿದ್ದನಲ್ಲ, ಅದೇ ನೋಟ. ಇವರು ಜೋರಾಗಿ ನಕ್ಕರು. ನಗುವುದಕ್ಕೆ ಎಂತ ಉಂಟು ಅದರಲ್ಲಿ? ನಾನು ಒಳಗೆ ಹೋಗಿ ತೆಂಗಿನಕಾಯಿ ಒಡೆದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಒಡೆದೆ.

ಒಂದು ವಾರದೊಳಗೆ ಸುಳ್ಯದಿಂದ ಜೀಪಿನ ಕೇಬಲ್ ಬಂತು, ಅವಳ ಅಣ್ಣ ಬಸ್ಸಿನವರ ಕೈಯಲ್ಲಿ ಕಳಿಸಿದ್ದು. ಉದ್ದ ಇತ್ತು, ದಪ್ಪ ಇತ್ತು, ಬಗ್ಗಿಸಿ ಬಿಟ್ಟರೆ ನೆಟ್ಟಗೆ ನಿಂತಿತು. ಕೊಂಕು ತೆಗೆಯಲಿಕ್ಕೆ ನನಗೆ ಏನೂ ಸಿಗಲಿಲ್ಲ. ನಾನು ಆರಿಸಿದ್ದು ಮೊಳೆಗೆ ನೇತು ಬಿದ್ದು, ಕೊನೆಗೆ ಬಟ್ಟೆ ಒಣಗಿಸುವ ಸರಿಗೆಯಾಯಿತು.

ಕಟ್ಟುವ ಮೊದಲು ಕೇಬಲಿನೊಳಗೆ ಎಣ್ಣೆ ಇಳಿಸಬೇಕಿತ್ತು. ಇಲ್ಲದಿದ್ದರೆ ತಂತಿ ತುಕ್ಕು ಹಿಡಿದು ಕಚ್ಚುತ್ತದೆ. ಹುಡುಗಿ ಮೆಲ್ಲ, "ನಮ್ಮಲ್ಲಿ ಇಂಜಿನಿಗೆ ಹಾಕುವ ಎಣ್ಣೆ ಬಿಡುದು" ಎಂದಳು. ಮಾವನ ಕಿವಿಗೆ ಬಿತ್ತು. ಮಾವನದ್ದು ಒಂದು ಹಟ: ಎಣ್ಣೆ ಮಿಲ್ಲಿನ ಮನೆಯಲ್ಲಿ ಕೈಯಿಂದ ತಿರುಗುವ ಯಾವುದಕ್ಕೂ ಹೊರಗಿನ ಎಣ್ಣೆ ತಾಗಬಾರದು. "ಬಾವಿಯ ರಾಟೆಗೆ ನಮ್ಮದೇ, ಬಾಗಿಲಿಗೆ ನಮ್ಮದೇ, ಹೊಲಿಗೆ ಮಿಷನಿಗೆ ನಮ್ಮದೇ. ಇಷ್ಟು ವರ್ಷ ಯಾವುದು ನಿಂತಿದೆ? ಎಣ್ಣೆ ಮಾರುವವರು ಎಣ್ಣೆ ಬೇಡುದಾ?" ಎಂದು ಗುಡುಗಿದರು. ಮತ್ತೆ ನನ್ನ ಕಡೆ ತಿರುಗಿ, "ನೀನು ತೆಗೆದು ಹಾಕು ಮಗಳೇ. ನಿನ್ನೆಯದ್ದು ತಿಳಿ ಉಂಟು" ಎಂದರು. ಹುಡುಗಿ ತಲೆ ತಗ್ಗಿಸಿದಳು. ನನಗೆ ಹಾಲು ಕುಡಿದಷ್ಟು ಸಂತೋಷ!

ಕೇಬಲನ್ನು ಅಡುಗೆಮನೆಯಲ್ಲಿ, ಒಲೆಯ ಮೇಲಿನ ತೊಲೆಗೆ ಉದ್ದಕ್ಕೆ ನೇತು ಹಾಕಿದೆ. ಮೇಲಿನ ತುದಿಗೆ ಬಾಳೆಲೆಯ ಪೊಟ್ಟಣ ಕಟ್ಟಿ ತಿಳಿ ಎಣ್ಣೆ ಹೊಯ್ದೆ. ಅದು ನಿಧಾನಕ್ಕೆ ಇಳಿದು ಇಳಿದು ಮರುದಿನ ಕೆಳಗಿನ ತುದಿಯಲ್ಲಿ ಹನಿಯಾಗಿ ನಿಂತಿತು. ಮಧ್ಯಾಹ್ನದ ಬಿಸಿಲಲ್ಲಿ ಗಾಡಿಗೆ ಕಟ್ಟಿದರು, ಬೆಣ್ಣೆಯಲ್ಲಿ ಬೆರಳು ಜಾರಿದ ಹಾಗೆ ಓಡಿತು. ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ ಎಂದು ಎಣ್ಣೆ ಮಿಲ್ಲಿನವರಿಗೆ ಯಾರಾದರೂ ಹೇಳಿಕೊಡಬೇಕಾ? ಆದರೆ ಯಾರ ತಲೆಗೂ ಹೊಳೆಯಲಿಲ್ಲ. ಬಾಟ್ಲಿಯಲ್ಲಿದ್ದಾಗ ಅದು ಎಣ್ಣೆ, ಕೇಬಲಿನೊಳಗೆ ಹೋದ ಮೇಲೆ ಗಾಡಿಯ ಸಾಮಾನು. ನಮಗೆಲ್ಲ ಅಷ್ಟೇ ಬುದ್ಧಿ.

ಕಟ್ಟುವಾಗ ನಾನು ಒಳಗಿದ್ದೆ. ಹೊರಗಿನಿಂದ ಕೇಳುತ್ತಿತ್ತು: "ತಿರುಗಿಸು." ಬಳೆಯ ಸದ್ದು. "ಬಿಡು." ನಗು. "ಪುನಃ ತಿರುಗಿಸು." ನಾನು ಹಿಡಿದ ಹಿಡಿ, ನಾನು ಹೊಲಿದ ಸೀಟು, ನನಗೆ ಹೇಳುತ್ತಿದ್ದ ಮಾತು! ಗಂಡ ಹೆಂಡತಿ ನಗುವುದು ತಪ್ಪಲ್ಲ, ಗೊತ್ತು ನನಗೆ. ಗೊತ್ತಿದ್ದರೆ ಉರಿ ಆರುತ್ತದಾ?

ಸೀಟಾದರೂ ನನ್ನದೇ ಎಂದುಕೊಂಡಿದ್ದೆ. ಅದಕ್ಕೂ ಕಲ್ಲು ಬಿತ್ತು, ಅದೂ ನನ್ನ ತವರಿನಿಂದಲೇ. ನಮ್ಮ ಕಡೆ ಹೊಸದಾಗಿ ಮದುವೆಯಾದವರನ್ನು ನೆಂಟರ ಮನೆಯವರೆಲ್ಲ ಒಬ್ಬೊಬ್ಬರಾಗಿ ಕರೆದು ಊಟ ಹಾಕುವ ಕ್ರಮ ಉಂಟು, ಸಮ್ಮಾನ ಎನ್ನುತ್ತೇವೆ. ಮಕರ ತಿಂಗಳಲ್ಲಿ ನನ್ನ ಅಮ್ಮ ಹೊಸ ಜೋಡಿಯನ್ನು ಸಮ್ಮಾನಕ್ಕೆ ಕರೆದಳು, ಬೆಳಗಿನ ಕಾಫಿಗೇ ಬರಬೇಕು ಎಂದು ಹೇಳಿ ಕಳಿಸಿದಳು. ಮೈದುನನಿಗೆ ಖುಷಿಯೋ ಖುಷಿ. ನನ್ನ ಹತ್ತಿರ ಓಡಿ ಬಂದು, "ನೋಡಿದಿರಾ ಅತ್ತಿಗೆ, ಮೊದಲ ಸವಾರಿ ನಿಮ್ಮ ಮನೆಗೇ ಆಯ್ತು! ಮಾತು ಉಳಿಸಿದೆ" ಎಂದ.

ಮಾತು ಉಳಿಸಿದನಂತೆ! ಗಾಡಿ ಕೋಡಿಂಬಾಳಕ್ಕೆ ಹೋದರೆ ಸಾಕು, ಹಿಂದೆ ಯಾರು ಕೂತಿದ್ದಾರೆ ಎಂಬುದು ಗಂಡಸಿಗೆ ಒಂದು ಲೆಕ್ಕವೇ ಅಲ್ಲ. ಅವನ ಮುಖದಲ್ಲಿ ಮೋಸ ಇರಲಿಲ್ಲ, ಅದೇ ನನಗೆ ಜಾಸ್ತಿ ಸಿಟ್ಟು. "ಹೂಂ, ಒಳ್ಳೇದಾಯ್ತು" ಎಂದೆ. ಬೇರೆ ಎಂತ ಹೇಳುವುದು? ಹೊಸ ಮದುಮಗಳನ್ನು ಇಳಿಸಿ ನನ್ನನ್ನು ಕೂರಿಸು ಎಂದು ಹೇಳಲಿಕ್ಕೆ ಬಾಯಿ ಬರುತ್ತದಾ?

ಅಡುಗೆಗೆ ಸಹಾಯಕ್ಕೆಂದು ನಾನೂ ಇವರೂ ಹಿಂದಿನ ದಿನವೇ ಬಸ್ಸಿನಲ್ಲಿ ಹೋದೆವು. ಗಂಟು, ಎಣ್ಣೆ ಬಾಟ್ಲಿ, ಬೆವರು, ಎಲ್ಲ ಎಂದಿನಂತೆ. "ನೀನಾ? ಕಾಲು ತೊಳ್ಕೊಂಡು ಬಾ" ಎಂದಳು ಅಮ್ಮ. ನಾಲ್ಕು ದಿನ ತವರಲ್ಲಿ ನಿಂತು ಹೋಗುವ ಆಲೋಚನೆ ನನ್ನದು. ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಅಮ್ಮನೆದುರು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿದೆ. ಸೀಟು ಹೊಲಿದದ್ದು, ಕೇಬಲ್ ಆರಿಸಿದ್ದು, ಅವಳು ಅಕ್ಕಿ ಹೆಕ್ಕುತ್ತಾ ತಪ್ಪು ತೆಗೆದದ್ದು. ಅಮ್ಮ, "ಎಂಥಾ ಸಣ್ಣ ಬುದ್ಧಿ ನಿನ್ನದು, ಚಿಕ್ಕ ಹುಡುಗಿ ಅದು" ಎಂದಳು. ನನಗೆ ರೇಗಿತು. "ಹೋಗಿ ಗದ್ದೆಗೆ ಬೀಳಲಿ ಆ ಗಾಡಿ, ಆಗ ಗೊತ್ತಾಗ್ತದೆ!" ಎಂದುಬಿಟ್ಟೆ. ಅಮ್ಮ ಹೆಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಮರುದಿನ ಬೆಳಗ್ಗೆ ಹಲ್ಲು ಕಟಕಟ ಎನ್ನುವಂಥ ಚಳಿ. ಮಂಜು ಹೊಲಕ್ಕೆ ಇಳಿದಿತ್ತು. ಅಮ್ಮ ಆರತಿಯ ತಟ್ಟೆ, ಕಾಲಿಗೆ ನೀರಿನ ಚೊಂಬು ಸಿದ್ಧ ಮಾಡಿಟ್ಟಿದ್ದಳು. ಬಿಸಿಲು ಬೀಳುವ ಮೊದಲೇ ದೂರದಲ್ಲಿ ಶಬ್ದ ಕೇಳಿತು. ಗಡ ಗಡ ಗಡ ಗಡ. ಏನು ಶಬ್ದ ಅದು! ಆಚೆ ಮನೆಯವರು, ಈಚೆ ಮನೆಯವರು, ಕೆಲಸದವರು, ಎಲ್ಲ ರಸ್ತೆಗೆ ಬಂದರು. ಮತ್ತು ನನ್ನ ಅಮ್ಮ, ಮೊಣಕಾಲು ನೋವು ಎಂದು ದಿನಾ ನರಳುವ ನನ್ನ ಅಮ್ಮ, ತಟ್ಟೆ ಹಿಡಿದು ಗೇಟಿಗೆ ಓಡಿದಳು. ನಾನು ಚೊಂಬು ಹಿಡಿದು ಅವಳ ಹಿಂದೆ ಓಡಿದೆ. ಅದು ನನ್ನ ಶಬ್ದ, ನನ್ನ ಗೇಟು, ನನ್ನ ಅಮ್ಮ.

ಏರು ಹತ್ತಿ ಗಾಡಿ ಕಾಣಿಸಿತು. ಕೊಂಬಿನ ಹ್ಯಾಂಡಲ್, ಹಿಂದೆ ಹಸುರು ಸೀರೆ. ಬಂತು, ಬಂತು, ಹತ್ತಿರ ಬಂತು, ನಮ್ಮೆದುರೇ ಬಂತು, ನಿಲ್ಲಲಿಲ್ಲ. ಅಮ್ಮನ ಆರತಿ ಎತ್ತಿದ ಕೈ ಹಾಗೇ ಇತ್ತು. "ಹಿಡಿ ವಾಪಸ್ ಬರುದಿಲ್ಲ, ಬ್ರೇಕಿಗೂ ನಿಲ್ಲುದಿಲ್ಲ!" ಎಂಬ ಮೈದುನನ ಬೊಬ್ಬೆ, "ಅಕ್ಕಾ" ಎಂಬ ಅವಳ ಕೂಗು ಗಾಳಿಯಲ್ಲಿ ದಾಟಿ ಹೋದವು. ಮುಂದಿನ ತಿರುವಿನಲ್ಲಿ ಗಾಡಿ ರಸ್ತೆ ಬಿಟ್ಟು ನೀರು ನಿಂತ ಸುಗ್ಗಿ ಬೆಳೆಯ ಗದ್ದೆಗೆ ಹಾರಿತು. ಮೊದಲು ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ. ಮರುಕ್ಷಣ ಚೊಂಬು ಬಿಸಾಡಿ ಓಡಿದೆ.

ಗದ್ದೆಯ ಕೆಸರು ಕಾಪಾಡಿತು. ಮೈದುನನಿಗೆ ಏನೂ ಆಗಿರಲಿಲ್ಲ, ಅವಳಿಗೆ ಮೊಣಕೈ ತರಚಿತ್ತು. ತಲೆಯಿಂದ ಕಾಲಿನ ತನಕ ಕೆಸರು, ಮೈಯೆಲ್ಲ ನಡುಕ. ಅಮ್ಮ ಅವಳನ್ನು ತಬ್ಬಿಕೊಂಡೇ ಕರೆದುಕೊಂಡು ಬಂದಳು. ಬಿಸಿ ನೀರು ಹೊಯ್ದಳು. ಪೆಟ್ಟಿಗೆಯಿಂದ ತನ್ನ ಕೆಂಪು ಅಂಚಿನ ಸೀರೆ ತೆಗೆದು ಉಡಿಸಿದಳು. ಆ ಸೀರೆಯನ್ನು ನನಗೆ ಮುಟ್ಟಲೂ ಕೊಡುತ್ತಿರಲಿಲ್ಲ. ತರಚಿದ ಮೊಣಕೈ ಹಿಡಿದು ಕೂತವಳ ತಲೆ ಸವರುತ್ತಾ ನನಗೆ, "ಎಣ್ಣೆ ತಾ, ಗಾಯಕ್ಕೆ ಹಚ್ಚಬೇಕು" ಎಂದಳು.

ನಾನು ತಂದ ಬಾಟ್ಲಿಯನ್ನೇ ಎತ್ತಿಕೊಂಡು ಬಂದೆ. ಮಗುಚಿದರೆ ಎಣ್ಣೆ ಬರಲಿಲ್ಲ. ಬೆಳ್ಳಗೆ, ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಕಾಫಿಗೆ ಬಂದು ಬಾಗಿಲಲ್ಲಿ ನಿಂತಿದ್ದ ಮೈದುನ ಬಾಟ್ಲಿಯನ್ನು ನೋಡಿದ, ಮತ್ತೆ ತನ್ನ ಹಣೆಗೆ ತಾನೇ ಹೊಡೆದುಕೊಂಡ. "ಅಯ್ಯೋ ದೇವರೇ! ಕೇಬಲಿನ ಒಳಗೆ ಇದೇ ಅಲ್ವಾ ಇರುದು? ದಾರಿಯುದ್ದಕ್ಕೂ ಬಿಗಿ ಬಿಗಿ ಆಗ್ತಾ ಇತ್ತು, ಹೊಸ ಕೇಬಲ್ ಅಲ್ವಾ, ಪಳಗ್ಲಿಲ್ಲ ಅಂತ ಗ್ರಹಿಸಿದೆ. ಚಳಿಗಾಳಿಗೆ ಗಟ್ಟಿಯಾಗಿದೆ. ಸ್ಪ್ರಿಂಗಿಗೆ ಎಳೆಯಲಿಕ್ಕೇ ಆಗ್ಲಿಲ್ಲ!"

"ತೆಂಗಿನೆಣ್ಣೆ ಹಾಕಿದ್ದು ಯಾರು?" ಅಮ್ಮ ಕೇಳಿದಳು.

"ಅತ್ತಿಗೆಯೇ ಹಾಕಿದ್ದು" ಎಂದ ಅವನು. ಆ ಮನುಷ್ಯನಿಗೆ ಒಳಗೊಂದು ಹೊರಗೊಂದು ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಅಮ್ಮ ಬಾಟ್ಲಿಯನ್ನು ತೆಗೆದುಕೊಂಡು ಬಚ್ಚಲಿನ ಒಲೆಯ ಕಡೆ ಹೋದಳು, ನನಗೂ ಬಾ ಎಂದು ಕಣ್ಣು ಮಾಡಿದಳು. ಅಲ್ಲಿ ಯಾರೂ ಇರಲಿಲ್ಲ. ಬಾಟ್ಲಿಯನ್ನು ಬಿಸಿಗೆ ಹಿಡಿದುಕೊಂಡು, ನನ್ನ ಮುಖ ನೋಡದೆ ಕೇಳಿದಳು: "ಬೇಕೂಂತಲೇ ಹಾಕಿದ್ದಾ?"

"ಅಮ್ಮಾ!"

"ಎಣ್ಣೆ ಮಿಲ್ಲಿನ ಸೊಸೆ ನೀನು. ಚಳಿಗೆ ಗಟ್ಟಿಯಾಗ್ತದೆ ಅಂತ ನಿನಗೆ ಗೊತ್ತಿಲ್ವಾ? ನಿನ್ನೆ ನಿನ್ನ ಬಾಯಲ್ಲಿ ಬಂದ ಮಾತು ನಾನು ಕೇಳಿದ್ದೇನೆ."

ನನಗೆ ನೆಲ ಬಾಯಿ ಬಿಡಬಾರದಾ ಅನಿಸಿತು. ಮಾವನ ಹಟ ಹೇಳಿದೆ, ಒಲೆಯ ಮೇಲೆ ನೇತು ಹಾಕಿದ್ದು ಹೇಳಿದೆ, ಅತ್ತೆಯನ್ನು ಬೇಕಾದರೆ ಕೇಳು ಎಂದೆ. ಹೇಳಿದಷ್ಟೂ ನನ್ನ ಮಾತು ನನಗೇ ಸುಳ್ಳಿನ ಹಾಗೆ ಕೇಳತೊಡಗಿತು. ಸಿಟ್ಟಿಗೆ ಅಳು ಬಂತು. ಅಷ್ಟರಲ್ಲಿ ಹುಡುಗಿ ಬಾಗಿಲಿಗೆ ಬಂದು ನಿಂತಿದ್ದಳು, ಅಮ್ಮನ ಸೀರೆಯಲ್ಲಿ. ಎಷ್ಟು ಕೇಳಿಸಿಕೊಂಡಳೋ. "ಮಾವ ಹೇಳಿ ಹಾಕಿಸಿದ್ದು ಅಮ್ಮ. ನಾನೂ ಅಲ್ಲೇ ಇದ್ದೆ. ಅಕ್ಕನದ್ದು ಎಂತದೂ ತಪ್ಪಿಲ್ಲ" ಎಂದಳು.

ಅಮ್ಮ ಅವಳ ಗಲ್ಲ ಸವರಿ, "ಎಷ್ಟು ಒಳ್ಳೆ ಮನಸ್ಸು ಮಗಾ ನಿನ್ನದು" ಎಂದಳು.

ನೋಡಿ, ಸತ್ಯ ನನ್ನದು, ಪುಣ್ಯ ಅವಳದ್ದು! ನಾನು ಹೇಳಿದ್ದು ನೆವ, ಅವಳು ಹೇಳಿದ್ದು ಒಳ್ಳೆಯ ಮನಸ್ಸು. ನನ್ನನ್ನು ಬಿಡಿಸಲು ಅವಳೇ ಬರಬೇಕಾಯಿತು ಎಂಬ ಉರಿ ಬೇರೆ. ಸಮ್ಮಾನದ ಊಟ ಬಡಿಸಿದವಳು ನಾನೇ. ಅಮ್ಮ ಅವಳ ಪಕ್ಕದಲ್ಲಿ ಕೂತು ಪಾಯಸ ಹಾಕು ಇನ್ನೊಂದು ಸೌಟು ಎನ್ನುತ್ತಿದ್ದಳು.

ಊಟದ ಮೇಲೆ ಮೈದುನ ಕೇಬಲ್ ಬಿಚ್ಚಿ, ಸೀಮೆಎಣ್ಣೆ ಹೊಯ್ದು ಹೊಯ್ದು ಒಳಗಿನದ್ದನ್ನೆಲ್ಲ ತೊಳೆದು, ಅಂಗಳದ ಬಿಸಿಲಿಗೆ ಹಾಕಿದ. ಕಡಬಕ್ಕೆ ಹೋಗಿ ಜೀಪಿನವರ ಹತ್ತಿರ ಇಂಜಿನ್ ಎಣ್ಣೆ ತಂದು ಹನಿ ಹನಿ ಇಳಿಸಿದ. ಪುನಃ ಕಟ್ಟುವ ಹೊತ್ತಿಗೆ ಹುಡುಗಿ ಗಾಡಿಯ ಹತ್ತಿರವೂ ಬರಲಿಲ್ಲ. ಅವನು ಸುತ್ತ ನೋಡಿ, "ಅತ್ತಿಗೆ, ಒಮ್ಮೆ ಹಿಡಿ ತಿರುಗಿಸ್ತೀರಾ?" ಎಂದ. ತಿರುಗಿಸಿದೆ. "ಬಿಡಿ" ಎಂದ. ಬಿಟ್ಟೆ. ಟಕ್ ಎಂದಿತು. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ನೋಡಿದೆವು, ಬಲಕ್ಕೆ ತಿರುಗಿಸಿ ನೋಡಿದೆವು, ಎಲ್ಲಿಯೂ ಎಳೆಯಲಿಲ್ಲ. ಇಬ್ಬರಿಗೂ ನಗು ಬರಲಿಲ್ಲ.

ಹೊರಡುವ ಹೊತ್ತಿಗೆ ಹುಡುಗಿ ಹಟ ಹಿಡಿದಳು. "ನಾನು ಅದರಲ್ಲಿ ಕೂರುದಿಲ್ಲ. ಅಕ್ಕ ಕೂರಲಿ." ಅಮ್ಮ ತಕ್ಷಣ, "ಇವಳು ಎರಡು ದಿನ ಇಲ್ಲೇ ಇರ್ಲಿ, ಹೆದರಿದ್ದಾಳೆ. ಅಳಿಯಂದಿರು ಆಮೇಲೆ ಬಸ್ಸಿನಲ್ಲಿ ಕರ್ಕೊಂಡು ಬರ್ಲಿ" ಎಂದಳು. ಇವರು ಆಯಿತು ಎಂದರು. ಆಮೇಲೆ ಅಮ್ಮ ನನ್ನ ಕಡೆ ನೋಡಿ, "ನೀನು ಗಾಡಿಯಲ್ಲಿ ಹೋಗು. ಅಲ್ಲಿ ಕೆಲಸಕ್ಕೆ ನಿನ್ನ ಅತ್ತೆ ಒಬ್ಬರೇ" ಎಂದಳು. ನಾನು ನಾಲ್ಕು ದಿನ ನಿಲ್ಲುವವಳು ಎಂದು ಅವಳಿಗೆ ಗೊತ್ತಿತ್ತು.

ನಾನು ಹೊಲಿದ ಸೀಟಿನಲ್ಲಿ ನಾನು ಕೂತೆ. ಮೈದುನ ಕಿಕ್ ಹೊಡೆದ. ಗಡ ಗಡ ಎಂದು ಇಂಜಿನ್ ಎದ್ದಿತು, ಎಲ್ಲರೂ ಗೇಟಿನ ತನಕ ಬಂದರು, ಅಮ್ಮನೂ ಬಂದಳು. ನನ್ನ ಪಕ್ಕಕ್ಕೆ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಕಿವಿಯ ಹತ್ತಿರ ಹೇಳಿದಳು: "ಸಿಕ್ಕಿತಲ್ಲ. ಇನ್ನು ಗಟ್ಟಿ ಹಿಡ್ಕೊ."

ನಾನು ಬೇಕೂಂತ ಹಾಕಿದ್ದಲ್ಲ ಅಮ್ಮ, ಎಂದೆ. ಇಂಜಿನಿನ ಶಬ್ದಕ್ಕೆ ಅವಳಿಗೆ ಕೇಳಲಿಲ್ಲ. ಗಾಡಿ ಹೊರಟಿತು.